ಗುಂಟೆಯಿಂದ ಚಿತ್ರಬಿಂದುವಿಗೆ: ಭೂಸ್ಥಾನಿಕ ಉದ್ಯಮದಲ್ಲಿ ಕೃತಕ ಬುದ್ಧಿಮತ್ತೆ ಮತ್ತು ವೈಟ್‌ಫೀಲ್ಡ್ ಪರಿಸರ

ಪೀಠಿಕೆ

ಭೂಮಿಯ ಮೇಲೆ ಯಾವುದು ಎಲ್ಲಿದೆ, ಎಷ್ಟು ವಿಸ್ತಾರವಾಗಿದೆ, ಕಾಲದಿಂದ ಕಾಲಕ್ಕೆ ಹೇಗೆ ಬದಲಾಗುತ್ತಿದೆ ಎಂಬುದನ್ನು ಅಳೆದು, ದಾಖಲಿಸಿ, ನಕ್ಷೆಯ ರೂಪದಲ್ಲಿ ಒದಗಿಸುವ ವಿದ್ಯೆಗಳ ಸಮೂಹಕ್ಕೆ ಭೂಸ್ಥಾನಿಕ ತಂತ್ರಜ್ಞಾನವೆಂಬ ಹೆಸರು ರೂಢಿಗೆ ಬಂದಿದೆ. ಭೂಮಾಪನ, ದೂರಸಂವೇದನೆ, ಭೌಗೋಳಿಕ ಮಾಹಿತಿ ವ್ಯವಸ್ಥೆ ಹಾಗೂ ಉಪಗ್ರಹಾಧಾರಿತ ಸ್ಥಾನನಿರ್ಣಯ ಇದರ ಪ್ರಧಾನ ಅಂಗಗಳು. ಈ ಉದ್ಯಮದಲ್ಲಿ ಕೃತಕ ಬುದ್ಧಿಮತ್ತೆಯು ತಂದಿರುವ ಬದಲಾವಣೆಗಳನ್ನು ಬೆಂಗಳೂರಿನ ಪೂರ್ವದಂಚಿನ ವೈಟ್‌ಫೀಲ್ಡ್ ಪ್ರದೇಶವನ್ನು ನೆಲೆಯಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೈಟ್‌ಫೀಲ್ಡ್ ಇಂತಹ ಅಧ್ಯಯನಕ್ಕೆ ಎರಡು ಕಾರಣಗಳಿಂದ ತಕ್ಕ ನೆಲೆಯಾಗಿದೆ. 1882ರಲ್ಲಿ ಡಿ. ಎಸ್. ವೈಟ್ ಅವರ ಮುಂದಾಳುತನದ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ನೀಡಿದ ಸುಮಾರು 3,900 ಎಕರೆ ಭೂಮಿಯಲ್ಲಿ ನೆಲೆಗೊಂಡ ಈ ಊರು, 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದಲ್ಲಿ ತಲೆಯೆತ್ತಿದ ಅಂತಾರಾಷ್ಟ್ರೀಯ ತಂತ್ರಜ್ಞಾನ ಉದ್ಯಾನದ ತರುವಾಯ ಮಾಹಿತಿ ತಂತ್ರಜ್ಞಾನದ ಪ್ರಮುಖ ಕೇಂದ್ರವಾಯಿತು. ಉಪಗ್ರಹ ನಿರ್ಮಾಣದಲ್ಲಿ ತೊಡಗಿರುವ ಇಸ್ರೋ ಘಟಕಗಳು ವಿಮಾನಪುರ ಹಾಗೂ ಮಾರತ್ತಹಳ್ಳಿಯ ಬಳಿ, ಇಲ್ಲಿಂದ ಅನತಿದೂರದಲ್ಲಿವೆ. ಗೂಗಲ್ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ತನ್ನ 'ಅನಂತ' ಆವರಣವನ್ನು ತೆರೆದದ್ದು ಸಮೀಪದ ಮಹದೇವಪುರದಲ್ಲಿ. ನಕ್ಷೆಗಳನ್ನು ಸಿದ್ಧಪಡಿಸುವ ಕೌಶಲ ಇಲ್ಲಿದೆ ಎಂಬುದು ಮೊದಲನೆಯ ಕಾರಣ. ಕೆರೆ, ಕಾಲುವೆ, ಗೋಮಾಳ, ಗುಂಡುತೋಪುಗಳ ಹಳೆಯ ಭೂರಚನೆಯ ಮೇಲೆ ಮೂರು ದಶಕಗಳಲ್ಲಿ ಒಂದು ನಗರವೇ ಬೆಳೆದಿರುವುದರಿಂದ, ಆ ನಕ್ಷೆಗಳ ಸತ್ಯಾಸತ್ಯತೆ ಕಠಿಣ ಪರೀಕ್ಷೆಗೊಳಗಾಗುವ ನೆಲವೂ ಇದೇ ಎಂಬುದು ಎರಡನೆಯದು.

ಅಳತೆಯ ಪರಂಪರೆ

ಬೆಂಗಳೂರಿಗೆ ಭೂಮಾಪನದ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಮಹಾ ತ್ರಿಕೋನಮಿತೀಯ ಭೂಮಾಪನದ ಆಧಾರರೇಖೆಯನ್ನು ಅಳೆಯುವ ಮುನ್ನ, 1800ರಲ್ಲಿ ಬೆಂಗಳೂರಿನ ಸಮೀಪ ಸುಮಾರು 7.4 ಮೈಲಿ ಉದ್ದದ ರೇಖೆಯೊಂದನ್ನು ಸರಪಳಿಯಿಂದ ಅಳೆದಿದ್ದನು. ಮೈಸೂರು ಸಂಸ್ಥಾನದಲ್ಲಿ 1863ರಿಂದ ಮುಂಬಯಿ ಪದ್ಧತಿಯನ್ನನುಸರಿಸಿ ಕಂದಾಯ ಭೂಮಾಪನ ಆರಂಭವಾಯಿತು. ಈ ಪದ್ಧತಿಯಲ್ಲಿ ಬಳಕೆಯಾದ ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. 40 ಗುಂಟೆಗಳಿಗೆ ಒಂದು ಎಕರೆ. ಟಿಪ್ಪಣಿ, ಆಕಾರ್‌ಬಂದ್, ಪಹಣಿ, ಗ್ರಾಮನಕ್ಷೆಗಳು ಇಂದಿಗೂ ಈ ಅಳತೆಯ ಮೇಲೆ ನಿಂತಿವೆ.

ದೂರಸಂವೇದನೆಯ ಬೆಳವಣಿಗೆಯನ್ನು ಇದೇ ಗುಂಟೆಯ ಮಾನದಿಂದ ಅಳೆದರೆ ಅದರ ಸ್ವರೂಪ ಸ್ಪಷ್ಟವಾಗುತ್ತದೆ. 1988ರ ಮಾರ್ಚ್ 17ರಂದು ಉಡಾವಣೆಗೊಂಡ ಐ.ಆರ್.ಎಸ್. 1ಎ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಪ್ರತಿ ಚಿತ್ರಬಿಂದು, ಅಂದರೆ ಪಿಕ್ಸೆಲ್, 72.5 ಮೀಟರ್ ಚೌಕವನ್ನು ಪ್ರತಿನಿಧಿಸುತ್ತಿತ್ತು. ಇದು ಸುಮಾರು 52 ಗುಂಟೆಗಳಿಗೆ ಸಮ. ಸಣ್ಣ ಹಿಡುವಳಿದಾರನ ಇಡೀ ಹೊಲ ಅದರ ಒಂದೇ ಬಿಂದುವಿನೊಳಗೆ ಅಡಗಿಹೋಗುತ್ತಿತ್ತು. 2005ರ ಕಾರ್ಟೊಸ್ಯಾಟ್ 1 ಉಪಗ್ರಹದ 2.5 ಮೀಟರ್ ಚಿತ್ರಗಳಲ್ಲಿ ಒಂದು ಗುಂಟೆಗೆ 16 ಬಿಂದುಗಳು ದೊರೆತವು. 2015ರಿಂದ ಮುಕ್ತವಾಗಿ ಲಭ್ಯವಿರುವ ಯುರೋಪಿನ ಸೆಂಟಿನೆಲ್ 2 ಚಿತ್ರಗಳ ಮುಖ್ಯ ವರ್ಣಪಟ್ಟಿಗಳಲ್ಲಿ ಚಿತ್ರಬಿಂದುವಿನ ಅಳತೆ 10 ಮೀಟರ್. 33 ಅಡಿ ಎಂದರೆ 10.06 ಮೀಟರ್ ಆದುದರಿಂದ, ಈ ಉಪಗ್ರಹದ ಒಂದು ಬಿಂದು ಹೆಚ್ಚುಕಡಿಮೆ ಒಂದು ಗುಂಟೆಯೇ ಆಗಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಚಿತ್ರಗಳಲ್ಲಿ ಬಿಂದುವಿನ ಅಳತೆ ಸುಮಾರು 5 ಸೆಂಟಿಮೀಟರ್. ಒಂದು ಗುಂಟೆಗೆ ಸರಿಸುಮಾರು 40 ಸಾವಿರ ಬಿಂದುಗಳು.

ಈ ಸಂಖ್ಯೆಗಳೇ ಕೃತಕ ಬುದ್ಧಿಮತ್ತೆಯ ಪ್ರವೇಶವನ್ನು ಅನಿವಾರ್ಯಗೊಳಿಸಿದವು. ಚಿತ್ರಗಳು ವಿರಳವಾಗಿದ್ದ ಕಾಲದಲ್ಲಿ ಅವುಗಳನ್ನು ಕಣ್ಣಿನಿಂದ ಓದಿ ಕೈಯಿಂದ ಗೆರೆ ಎಳೆಯಲು ಸಾಧ್ಯವಿತ್ತು. ಕೆಲವೇ ದಿನಗಳಿಗೊಮ್ಮೆ ಹೊಸ ಚಿತ್ರ ಬರುವ ಕಾಲದಲ್ಲಿ ಓದುವವರ ಸಂಖ್ಯೆ ಎಂದಿಗೂ ಸಾಲದು.

ಯಂತ್ರವು ಕಲಿಯುವ ಬಗೆ

ಹಿಂದಿನ ಗಣಕ ವಿಧಾನಗಳು ಪ್ರತಿ ಬಿಂದುವಿನ ಬಣ್ಣವನ್ನು, ಅಂದರೆ ಅದು ಪ್ರತಿಫಲಿಸುವ ಬೆಳಕಿನ ಪ್ರಮಾಣವನ್ನು, ಪ್ರತ್ಯೇಕವಾಗಿ ಪರಿಗಣಿಸಿ ಅದು ನೀರೋ, ಸಸ್ಯವೋ, ಕಟ್ಟಡವೋ ಎಂದು ನಿರ್ಧರಿಸುತ್ತಿದ್ದವು. ಕೆಮ್ಮಣ್ಣಿನ ನೆಲಕ್ಕೂ ಹೆಂಚಿನ ಮಾಡಿಗೂ ಬಣ್ಣ ಒಂದೇ ಆದಲ್ಲಿ ಅವು ಎಡವುತ್ತಿದ್ದವು. 2012ರ ನಂತರ ಬಲಗೊಂಡ ಕೃತಕ ನರಜಾಲಗಳು ಬಿಂದುವನ್ನು ಅದರ ನೆರೆಹೊರೆಯೊಂದಿಗೆ ಓದುತ್ತವೆ. ಆಕಾರ, ನೆರಳು, ಅಂಚು, ಸಾಲು ಇವೆಲ್ಲ ನಿರ್ಣಯದಲ್ಲಿ ಸೇರುತ್ತವೆ. ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜೀವಕೋಶಗಳನ್ನು ಬಿಡಿಸಿ ಗುರುತಿಸಲು ರೂಪಿಸಿದ 'ಯು-ನೆಟ್' ಎಂಬ ಜಾಲವು ಉಪಗ್ರಹ ಚಿತ್ರಗಳಿಗೂ ಬಳಕೆಯಾದುದು ಗಮನಾರ್ಹ. ಒಂದಕ್ಕೊಂದು ಅಂಟಿಕೊಂಡ ಕೋಶಗಳನ್ನು ಬೇರ್ಪಡಿಸುವ ಸಮಸ್ಯೆಯೂ ಗೋಡೆಗೆ ಗೋಡೆ ತಾಗಿದ ಮನೆಗಳನ್ನು ಬೇರ್ಪಡಿಸುವ ಸಮಸ್ಯೆಯೂ ಮೂಲತಃ ಒಂದೇ ಬಗೆಯವು.

ಇಂತಹ ಜಾಲಕ್ಕೆ ಮೊದಲು ಮಾನವರು ಗುರುತು ಹಾಕಿಕೊಟ್ಟ ಸಾವಿರಾರು ಉದಾಹರಣೆಗಳು ಬೇಕು. ಈ ಅವಲಂಬನೆಯನ್ನು ಕಡಿಮೆ ಮಾಡಿದ್ದು ಇತ್ತೀಚಿನ ತಳಹದಿ ಮಾದರಿಗಳು. ಇವು ಗುರುತುಗಳಿಲ್ಲದ ಅಪಾರ ಚಿತ್ರರಾಶಿಯಿಂದಲೇ ಭೂಮಿಯ ಸಾಮಾನ್ಯ ಲಕ್ಷಣಗಳನ್ನು ಕಲಿತು, ತರುವಾಯ ಸ್ವಲ್ಪವೇ ಉದಾಹರಣೆಗಳಿಂದ ನಿರ್ದಿಷ್ಟ ಕೆಲಸಕ್ಕೆ ಅಣಿಯಾಗುತ್ತವೆ. ಐ.ಬಿ.ಎಂ. ಮತ್ತು ನಾಸಾ ಸಂಸ್ಥೆಗಳು 2023ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಮಾದರಿಗೆ 'ಪೃಥ್ವಿ' ಎಂದೇ ಹೆಸರು. 2025ರ ಜುಲೈನಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ 'ಆಲ್ಫಾಅರ್ತ್' ಮಾದರಿಯು ಭೂಭಾಗದ ಪ್ರತಿ 10 ಮೀಟರ್ ಚೌಕಕ್ಕೆ ವರ್ಷಕ್ಕೊಮ್ಮೆ 64 ಸಂಖ್ಯೆಗಳ ಸಂಕ್ಷೇಪವೊಂದನ್ನು ನೀಡುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಪ್ರತಿ ಗುಂಟೆಗೂ ಈಗ 64 ಅಂಕಿಗಳ ಮತ್ತೊಂದು ಪಹಣಿ ಸಿದ್ಧವಾಗಿದೆ. ಅದರಲ್ಲಿ ನೆಲದ ಸ್ಥಿತಿಯ ಸಾರವಿದೆ, ಒಡೆಯನ ಹೆಸರಿಲ್ಲ.

ಉದ್ಯಮದ ಸ್ವರೂಪದಲ್ಲಿನ ಬದಲಾವಣೆ

1990ರ ಹಾಗೂ 2000ದ ದಶಕಗಳಲ್ಲಿ ಭಾರತದ ಭೂಸ್ಥಾನಿಕ ಉದ್ಯಮದ ಬಹುಪಾಲು ಕೆಲಸ ಗೆರೆ ಎಳೆಯುವುದೇ ಆಗಿತ್ತು. ವಿದೇಶಗಳ ದೂರವಾಣಿ, ವಿದ್ಯುತ್, ನೀರು ಸರಬರಾಜು ಸಂಸ್ಥೆಗಳ ಕಾಗದದ ನಕ್ಷೆಗಳನ್ನು ಗಣಕದ ತೆರೆಯ ಮೇಲೆ ಮರುರೇಖಿಸುವ ಕೆಲಸದಿಂದ ಅನೇಕ ಪದವೀಧರರು ಜೀವನೋಪಾಯ ಕಂಡುಕೊಂಡರು. ಇಂದು ಯಂತ್ರ ಮೊದಲ ಕರಡನ್ನು ಎಳೆಯುತ್ತದೆ, ಮಾನವ ತಿದ್ದುತ್ತಾನೆ. ಮೂಲ ಚಿತ್ರವನ್ನು ಮಾರುತ್ತಿದ್ದ ಸಂಸ್ಥೆಗಳು ಈಗ ಚಿತ್ರದಿಂದ ದೊರೆತ ಉತ್ತರವನ್ನು ಮಾರುತ್ತಿವೆ. ಯಾವ ಹೊಲದಲ್ಲಿ ಬೆಳೆ ಸೊರಗಿದೆ, ಯಾವ ಬಡಾವಣೆಯಲ್ಲಿ ಹೊಸ ಮಹಡಿ ಎದ್ದಿದೆ ಎಂಬ ಮಾಹಿತಿಯೇ ಸರಕಾಗಿದೆ.

ಬೆಂಗಳೂರಿನ ನವೋದ್ಯಮಗಳಲ್ಲಿ ಈ ಪಲ್ಲಟ ಸ್ಪಷ್ಟವಾಗಿ ಕಾಣುತ್ತದೆ. 2010ರಲ್ಲಿ ಸ್ಥಾಪಿತವಾದ ಕ್ರಾಪ್‌ಇನ್ ಕೃಷಿಯ ಮಾಹಿತಿಯಲ್ಲಿಯೂ, 2017ರಲ್ಲಿ ಆರಂಭವಾದ ಸ್ಯಾಟ್‌ಶ್ಯೂರ್ ಕೃಷಿ ಸಾಲ ಮೊದಲಾದ ನಿರ್ಣಯಗಳಿಗೆ ಬೇಕಾದ ಚಿತ್ರವಿಶ್ಲೇಷಣೆಯಲ್ಲಿಯೂ ತೊಡಗಿವೆ. 2019ರಲ್ಲಿ ಸ್ಥಾಪಿತವಾದ ಪಿಕ್ಸೆಲ್ ಸಂಸ್ಥೆಯು 2025ರಲ್ಲಿ ಬೆಳಕನ್ನು ನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಬಿಡಿಸಿ ನೋಡುವ ತನ್ನ 'ಫೈರ್‌ಫ್ಲೈ' ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಇಷ್ಟು ದಟ್ಟವಾದ ದತ್ತಾಂಶವನ್ನು ಯಂತ್ರದ ನೆರವಿಲ್ಲದೆ ಓದುವುದು ಅಸಾಧ್ಯ. ಸರ್ಕಾರದ ನೀತಿಯೂ ಇದಕ್ಕೆ ಅನುವು ಮಾಡಿಕೊಟ್ಟಿದೆ. 2021ರ ಫೆಬ್ರವರಿ 15ರ ಮಾರ್ಗಸೂಚಿಗಳು ನಕ್ಷೆ ತಯಾರಿಕೆಗೆ ಪೂರ್ವಾನುಮತಿ ಪಡೆಯುವ ಪದ್ಧತಿಯನ್ನು ಬಹುಮಟ್ಟಿಗೆ ತೆಗೆದುಹಾಕಿದವು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಸ್ಥಾನಿಕ ನೀತಿ ಪ್ರಕಟವಾಯಿತು.

ಆದರೆ ಗೆರೆ ಎಳೆಯುವ ಕೆಲಸ ಕೇವಲ ಕೂಲಿಯಾಗಿರಲಿಲ್ಲ ಎಂಬುದನ್ನು ಮರೆಯಲಾಗದು. ಹೊಸದಾಗಿ ಸೇರಿದ ತರುಣ ತರುಣಿಯರು ಚಿತ್ರದಲ್ಲಿ ತೆಂಗಿನ ತೋಟವನ್ನು ಮಾವಿನ ತೋಪಿನಿಂದ, ಕೆರೆಯ ಏರಿಯನ್ನು ರಸ್ತೆಯಿಂದ ಬೇರ್ಪಡಿಸಿ ಕಾಣಲು ಕಲಿಯುತ್ತಿದ್ದುದು ಆ ಕೆಲಸದಲ್ಲಿಯೇ. ಯಂತ್ರದ ತಪ್ಪನ್ನು ಹಿಡಿಯಬಲ್ಲ ಕಣ್ಣು ಸಿದ್ಧವಾಗುತ್ತಿದ್ದ ಶಾಲೆಯನ್ನು ಯಂತ್ರವೇ ತೆರವು ಮಾಡುತ್ತಿರುವುದು ಈ ಉದ್ಯಮದ ಮುಂದಿರುವ ಗಂಭೀರ ಸಮಸ್ಯೆ.

ವರ್ತೂರು ಕೆರೆಯ ನಿದರ್ಶನ

ಇಂತಹ ಕಣ್ಣು ಎಲ್ಲಿ ಬೇಕಾಗುತ್ತದೆ ಎಂಬುದಕ್ಕೆ ವೈಟ್‌ಫೀಲ್ಡ್‌ನ ದಕ್ಷಿಣಕ್ಕಿರುವ ವರ್ತೂರು ಕೆರೆ ಒಳ್ಳೆಯ ನಿದರ್ಶನ. ಬೆಳ್ಳಂದೂರು ಕೆರೆಯಿಂದ ಹರಿದುಬರುವ ನೀರು ಈ ಕೆರೆಯನ್ನು ತುಂಬಿ, ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನಗರದ ಕೊಳಚೆಯಿಂದ ಪೋಷಿತವಾದ ಜಲಕಳೆ ದೀರ್ಘಕಾಲ ಇದರ ಮೇಲ್ಮೈಯನ್ನು ಮುಚ್ಚಿಕೊಂಡಿತ್ತು; 2015ರಲ್ಲಿ ನೊರೆಯ ರಾಶಿ ದೇಶದ ಗಮನ ಸೆಳೆಯಿತು; 2020ರ ಬಳಿಕ ಹೂಳೆತ್ತುವುದಕ್ಕಾಗಿ ನೀರನ್ನು ಹೊರಹಾಯಿಸಲಾಯಿತು. ಸಸ್ಯಸೂಚ್ಯಂಕವನ್ನಷ್ಟೇ ನೆಚ್ಚುವ ಯಂತ್ರಕ್ಕೆ ಇದೇ ಕೆರೆ ಒಮ್ಮೆ ಹಸಿರು ಬಯಲಾಗಿ, ಒಮ್ಮೆ ಬರಿ ಮಣ್ಣಾಗಿ, ಇನ್ನೊಮ್ಮೆ ನೀರಾಗಿ ಕಾಣುತ್ತದೆ. ಆಯಾ ದಿನದ ಮೇಲ್ಮೈಯ ಮಟ್ಟಿಗೆ ಮೂರೂ ಉತ್ತರಗಳು ಸರಿ. ಕೆರೆ ಎಂಬುದು ಮಾತ್ರ ಮೇಲ್ಮೈಯ ಹೆಸರಲ್ಲ. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟುಗಳು ಸೇರಿ ಆಗುವ ವ್ಯವಸ್ಥೆಯೇ ಕೆರೆ. ಬೇಸಿಗೆಯಲ್ಲಿ ಒಣಗಿದಾಗಲೂ ಅದು ಕೆರೆಯೇ.

ಈ ಭೇದವನ್ನು ತಿಳಿಯದ ವರ್ಗೀಕರಣ ಆಡಳಿತದ ಕೈಗೆ ಸೇರಿದರೆ ಒಣಗಿದ ಕೆರೆಯಂಗಳ ಖಾಲಿ ನಿವೇಶನವೆಂದು ದಾಖಲಾಗುವ ಅಪಾಯವಿದೆ. ಹಲವು ವರ್ಷಗಳ ಚಿತ್ರಗಳನ್ನು ಒಟ್ಟಿಗೆ ಓದುವ ಮಾದರಿಗಳು ಈ ದೋಷವನ್ನು ಬಹಳಷ್ಟು ತಗ್ಗಿಸಬಲ್ಲವು. ಆದರೂ ಕೆರೆಯ ಎಲ್ಲೆ ಯಾವುದೆಂಬ ಪ್ರಶ್ನೆಗೆ ಗ್ರಾಮನಕ್ಷೆಯ ನೆರವಿಲ್ಲದೆ ಉತ್ತರ ಪೂರ್ಣವಾಗದು.

ಗೆರೆ ಮತ್ತು ಹೊಣೆ

ಗ್ರಾಮನಕ್ಷೆಗೂ ಮಿತಿಗಳಿವೆ. ಮೈಲಿಗೆ 8 ಅಂಗುಲದ ಪ್ರಮಾಣದಲ್ಲಿ ರಚಿತವಾದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಸುಮಾರು 8 ಮೀಟರ್. ಲೇಖನಿಯ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 4 ಮೀಟರ್ ಅಗಲವನ್ನು ನುಂಗುತ್ತದೆ. ಕಾಗದ ಹಿಗ್ಗಿ ಕುಗ್ಗಿದುದರ ವ್ಯತ್ಯಾಸ ಬೇರೆ. ಇಂತಹ ನಕ್ಷೆಯನ್ನು 5 ಸೆಂಟಿಮೀಟರ್ ಸೂಕ್ಷ್ಮತೆಯ ಚಿತ್ರದ ಮೇಲೆ ಹೊಂದಿಸಿ, ಕಾಲುವೆಯ ಒತ್ತುವರಿಯನ್ನು ಯಂತ್ರದಿಂದ ಪಟ್ಟಿ ಮಾಡಿದಾಗ, ಚಿತ್ರದ ನಿಖರತೆ ನಕ್ಷೆಗೂ ಇದೆಯೆಂಬ ಭ್ರಮೆ ಮೂಡುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ವಲಯ ಜಲಾವೃತವಾದ ಬಳಿಕ ನಡೆದ ರಾಜಕಾಲುವೆ ಒತ್ತುವರಿ ತೆರವಿನ ಸಂದರ್ಭದಲ್ಲಿ, ಗೆರೆಯೊಂದು ಕೆಲವು ಮೀಟರ್ ಅತ್ತಿತ್ತ ಸರಿದರೂ ಮನೆಯೊಂದರ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆಂಬುದು ಸಾರ್ವಜನಿಕರ ಅನುಭವಕ್ಕೆ ಬಂದಿತು. ಕಾಲುವೆಯನ್ನು ನಕ್ಷೆಯಲ್ಲಿ ಕಳೆದುಕೊಂಡರೆ ಮುಳುಗುವುದು ಇಡೀ ಬಡಾವಣೆ. ತಪ್ಪು ಜಾಗದಲ್ಲಿ ತೋರಿಸಿದರೆ ನಿರಪರಾಧಿಯ ಮನೆ.

ಗ್ರಾಮೀಣ ಪ್ರದೇಶಗಳಲ್ಲಿ ಇದರ ಮತ್ತೊಂದು ಮುಖ ಕಾಣುತ್ತದೆ. ಬಗರ್‌ಹುಕುಂ ಸಾಗುವಳಿಯ ಅರ್ಜಿಗಳನ್ನು ಪರಿಶೀಲಿಸಲು ರಾಜ್ಯದ ಕಂದಾಯ ಇಲಾಖೆ ಉಪಗ್ರಹ ಚಿತ್ರಗಳನ್ನು ಬಳಸತೊಡಗಿದೆ. ಸುಳ್ಳು ಅರ್ಜಿಗಳನ್ನು ತಡೆಯಲು ಇದು ಬಲವಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೈಟ್‌ಫೀಲ್ಡ್‌ನಿಂದಾಚೆ ಹೊಸಕೋಟೆ, ಮಾಲೂರುಗಳ ಕಡೆಯ ಮಳೆಯಾಶ್ರಿತ ರಾಗಿ ಹೊಲ ಹಸಿರಾಗಿರುವುದು ಮುಂಗಾರು ಹಿಂಗಾರುಗಳ ಮೋಡ ಕವಿದ ತಿಂಗಳುಗಳಲ್ಲಿ. ಆಕಾಶ ತಿಳಿಯಾದ ಬೇಸಿಗೆಯ ಚಿತ್ರದಲ್ಲಿ ಅದೇ ಹೊಲ ಬೀಳು ನೆಲದಂತೆ ತೋರುತ್ತದೆ. ಮೋಡವನ್ನು ತೂರಿ ನೋಡಬಲ್ಲ ರೇಡಾರ್ ಚಿತ್ರಗಳು ಇಲ್ಲಿ ಉಪಯುಕ್ತ; 2025ರ ಜುಲೈ 30ರಂದು ಉಡಾವಣೆಗೊಂಡ ಇಸ್ರೋ ಮತ್ತು ನಾಸಾಗಳ ನಿಸಾರ್ ಉಪಗ್ರಹ 12 ದಿನಗಳಿಗೊಮ್ಮೆ ಇಂತಹ ಚಿತ್ರ ಪಡೆಯುವಂತೆ ರೂಪಿತವಾಗಿದೆ. ಗತಕಾಲದ ಸಾಗುವಳಿಗೆ ಮಾತ್ರ ಹಳೆಯ ಚಿತ್ರಗಳೇ ಸಾಕ್ಷಿ. ಅವು ಯಾವ ಋತುವಿನವು, ಅವುಗಳ ಒಂದು ಬಿಂದು ಎಷ್ಟು ಗುಂಟೆ ಎಂಬುದನ್ನು ಕೇಳದೆ ನೀಡುವ ತೀರ್ಪು ಬಡ ಸಾಗುವಳಿದಾರನಿಗೆ ಅನ್ಯಾಯವಾಗಬಹುದು.

ಉಪಸಂಹಾರ

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ನೆರವಿನಿಂದ ರೂಪುಗೊಂಡ 'ದಿಶಾಂಕ್' ಅನ್ವಯವು ನಿಂತ ನೆಲದ ಸರ್ವೆ ನಂಬರನ್ನು ಯಾವ ನಾಗರಿಕನಿಗಾದರೂ ತಿಳಿಸಬಲ್ಲದು. ಆದರೂ ಗಡಿಯ ಬಗ್ಗೆ ವ್ಯಾಜ್ಯ ಬಂದಾಗ ಇಂದಿಗೂ ಭೂಮಾಪಕನೇ ಸ್ಥಳಕ್ಕೆ ಬಂದು, ನೆರೆಹೊರೆಯವರಿಗೆ ತಿಳುವಳಿಕೆ ನೀಡಿ, ಗಡಿಕಲ್ಲಿನಿಂದ ಅಳೆಯಬೇಕು. ತನ್ನ ಅಳತೆಗೆ ಆತ ಸಹಿ ಹಾಕುತ್ತಾನೆ. ಅದನ್ನು ಪ್ರಶ್ನಿಸಲು ಮೇಲ್ಮನವಿಯ ದಾರಿಯಿದೆ. ಯಂತ್ರ ಎಳೆದ ಗೆರೆಗೆ ಸಹಿ ಯಾರದು ಎಂಬುದು ಇನ್ನೂ ಇತ್ಯರ್ಥವಾಗಬೇಕಾದ ಪ್ರಶ್ನೆ.

ಆದುದರಿಂದ ಮೂರು ಕ್ರಮಗಳು ಅಗತ್ಯವೆನಿಸುತ್ತವೆ. ಯಂತ್ರರಚಿತ ಪ್ರತಿ ಗೆರೆಯೊಂದಿಗೆ ಅದರ ಮೂಲಚಿತ್ರದ ದಿನಾಂಕ, ಬಿಂದುವಿನ ಅಳತೆ ಹಾಗೂ ಸಂಭವನೀಯ ದೋಷದ ಪ್ರಮಾಣ ದಾಖಲಾಗಬೇಕು. ಕೆರೆಯಂಗಳ, ಗೋಮಾಳ, ಖರಾಬು, ಗುಂಡುತೋಪು ಮೊದಲಾದ ಈ ನೆಲದ ವರ್ಗಗಳು ತರಬೇತಿ ದತ್ತಾಂಶದಲ್ಲಿ ಅದೇ ಹೆಸರಿನಿಂದ ಸ್ಥಾನ ಪಡೆಯಬೇಕು. ಚಿತ್ರವನ್ನೂ ಟಿಪ್ಪಣಿಯನ್ನೂ ನೆಲವನ್ನೂ ಒಟ್ಟಿಗೆ ಓದಬಲ್ಲವರನ್ನು ವಿಶ್ವವಿದ್ಯಾಲಯಗಳೂ ಉದ್ಯಮವೂ ಉದ್ದೇಶಪೂರ್ವಕವಾಗಿ ತರಬೇತುಗೊಳಿಸಬೇಕು. ಈ ಕಲಿಕೆ ಇನ್ನು ಮುಂದೆ ಕೆಲಸದೊಂದಿಗೆ ತಾನಾಗಿಯೇ ಒದಗಲಾರದು. ಸರಪಳಿಯ ಕಾಲದಲ್ಲಿ ಅಳತೆ ನಿಧಾನವಾಗಿತ್ತು, ಹೊಣೆಗಾರ ಎದುರಿಗಿದ್ದ. ಚಿತ್ರಬಿಂದುವಿನ ಕಾಲದಲ್ಲಿ ಅಳತೆಗೆ ವೇಗ ಬಂದಿದೆ. ಹೊಣೆಗಾರನನ್ನು ಹೆಸರಿಸುವ ಕೆಲಸ ಉಳಿದಿದೆ.