ಎಳೆಯ ಮಕ್ಕಳಿಗೆ ಮನೋವೈದ್ಯಕೀಯ ಔಷಧಿ: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ

ಅಂಗನವಾಡಿಯಲ್ಲಿ ಒಂದೆಡೆ ಕೂರದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ನಾಲ್ಕು ವರ್ಷವಾದರೂ ಮಾತು ಬಾರದ ಮಗುವಿನ ವಿಚಾರವನ್ನು ಪೋಷಕರು ಮೊದಲು ತರುವುದು ಆಸ್ಪತ್ರೆಗಲ್ಲ. ನೆರೆಮನೆಗೆ, ಆಶಾ ಕಾರ್ಯಕರ್ತೆಗೆ, ಹಲವು ಸಲ ವಾರ್ಡಿನ ಸದಸ್ಯರಿಗೆ ಅದು ಮೊದಲು ತಿಳಿಯುತ್ತದೆ. ಆಗ ಎರಡು ಮಾತು ಕೇಳಿಬರುತ್ತವೆ. ಒಂದು ಮಾತ್ರೆ ನುಂಗಿಸಿದರೆ ಮಗು ಸುಮ್ಮನಾಗುತ್ತದೆ ಎಂಬುದು ಒಂದು. ತಲೆಗೆ ಸಂಬಂಧಿಸಿದ ಮಾತ್ರೆ ಹಿಡಿದರೆ ಜನ್ಮವಿಡೀ ಬಿಡಲಾಗದು ಎಂಬುದು ಮತ್ತೊಂದು. ಎರಡೂ ತಪ್ಪು, ಎರಡರಿಂದಲೂ ಮಕ್ಕಳಿಗೆ ಹಾನಿಯಾಗುತ್ತಿದೆ.

ಈ ವಿಷಯ ನಮ್ಮ ಸೀಮೆಗೆ ಹೊಸದಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ಬಳಿಕ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದನ್ನು ಜಿಲ್ಲಾ ಮಟ್ಟದಲ್ಲಿ ಪರೀಕ್ಷಿಸಲು ಆರಿಸಿಕೊಂಡದ್ದು ಅಂದಿನ ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಅಗತ್ಯವಾದ ಕೆಲವೇ ಔಷಧಿಗಳನ್ನು ಊರಿನ ಹತ್ತಿರವೇ ದೊರಕಿಸಲಾಯಿತು. ಮೂರ್ಛೆರೋಗ ಮತ್ತು ಮಕ್ಕಳ ಬುದ್ಧಿ ಬೆಳವಣಿಗೆಯ ಕುಂಠಿತವೂ ಆ ಕಾರ್ಯದ ವ್ಯಾಪ್ತಿಯಲ್ಲಿದ್ದವು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಇದೇ. 2021ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಗಡಿ ಬದಲಾದರೂ ತಾಯಂದಿರು ಮಗುವನ್ನು ಎತ್ತಿಕೊಂಡು ಹೋಗುವುದು ಬಸ್ಸು ಹೋಗುವ ಕಡೆಗೇ.

ಮಾತ್ರೆಗೂ ಮುನ್ನ ನೋಡಬೇಕಾದವು ಹಲವಿವೆ. ಕರೆದರೆ ಓಗೊಡದ ಮಗುವಿಗೆ ಕಿವಿ ಕೇಳಿಸದಿರಬಹುದು. ಕ್ಷಣಕಾಲ ಕಣ್ಣು ನೆಟ್ಟು ನಿಲ್ಲುವ ಮಗುವನ್ನು ಮಂಕು ಎನ್ನುತ್ತಾರೆ. ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ರಕ್ತಹೀನತೆ, ನಿದ್ರೆಯ ಕೊರತೆ, ಮನೆಯ ಕುಡಿತ ಮತ್ತು ಹೊಡೆತ ಕೂಡ ಮಗುವಿನ ಚಡಪಡಿಕೆಗೆ ಕಾರಣವಾಗುತ್ತವೆ. ಕೊಡುತ್ತಿರುವ ಔಷಧಿಯೇ ಕಾರಣವಾಗುವುದೂ ಉಂಟು. ಮೂರ್ಛೆರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ, ಅಗ್ಗದ ಫಿನೋಬಾರ್ಬಿಟೋನ್ ಕೆಲವು ಮಕ್ಕಳಲ್ಲಿ ಅತಿಚಟುವಟಿಕೆಯನ್ನು ತರುತ್ತದೆ. ಅಂಥ ಮಗುವಿಗೆ ಬೇಕಾದದ್ದು ಇನ್ನೊಂದು ಮಾತ್ರೆಯಲ್ಲ, ಇರುವ ಮಾತ್ರೆಯ ಬಗ್ಗೆ ವೈದ್ಯರ ಮರುವಿಚಾರ.

ಅತಿಚಟುವಟಿಕೆ ಮತ್ತು ಗಮನದ ಕೊರತೆ ಇದೆಯೆಂದು ತಜ್ಞರು ಖಚಿತಪಡಿಸಿದರೂ, ಆರು ವರ್ಷದೊಳಗಿನ ಮಗುವಿಗೆ ಮೊದಲ ಚಿಕಿತ್ಸೆ ಪೋಷಕರ ತರಬೇತಿಯೇ: ಸೂಚನೆಯನ್ನು ಚಿಕ್ಕದಾಗಿ ಕೊಡುವುದು, ದಿನಚರಿ ಕಟ್ಟುವುದು, ಒಳ್ಳೆಯ ನಡತೆಯನ್ನು ಕೂಡಲೇ ಮೆಚ್ಚುವುದು, ಹೊಡೆಯದಿರುವುದು. ಶಾಲಾ ವಯಸ್ಸಿನಲ್ಲಿ ತೊಂದರೆ ತೀವ್ರವಾಗಿದ್ದರೆ ಮಿಥೈಲ್‌ಫೆನಿಡೇಟ್ ಬರೆದುಕೊಡುವುದುಂಟು. ಅದರಿಂದ ಅನೇಕ ಮಕ್ಕಳಿಗೆ ನಿಜವಾದ ಉಪಕಾರವಾಗುತ್ತದೆ. ಆದರೆ ಹಸಿವು ಮತ್ತು ನಿದ್ರೆ ಕುಗ್ಗಬಹುದಾದ್ದರಿಂದ ಎತ್ತರ, ತೂಕ, ರಕ್ತದೊತ್ತಡವನ್ನು ಆಗಾಗ್ಗೆ ಅಳೆಯಬೇಕು. ಇನ್ನು ಆಟಿಸಂ. ಅದನ್ನು ಗುಣಪಡಿಸುವ ಮಾತ್ರೆ ಇಲ್ಲ. ಇದೆಯೆಂದು ಹೇಳಿ ಹಣ ಕೀಳುವವರನ್ನು ಊರಿನೊಳಗೆ ಬಿಟ್ಟುಕೊಳ್ಳಬಾರದು. ಮಗು ತನ್ನನ್ನು ತಾನೇ ಹೊಡೆದುಕೊಳ್ಳುವಷ್ಟು ಉದ್ರೇಕವಿದ್ದಾಗ ಮಾತ್ರ, ಸಾಮಾನ್ಯವಾಗಿ ಐದು ವರ್ಷ ದಾಟಿದ ಮೇಲೆ, ತಜ್ಞರು ರಿಸ್ಪೆರಿಡೋನ್ ಅನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸುತ್ತಾರೆ. ತೂಕ ಏರುವುದು, ತೂಕಡಿಕೆ, ಕುತ್ತಿಗೆ ಅಥವಾ ಕಣ್ಣು ಒಂದೆಡೆ ಸೆಳೆದುಕೊಳ್ಳುವುದು ಅದರ ಅಡ್ಡಪರಿಣಾಮಗಳು. ಕೊನೆಯದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಅದನ್ನು ಗಾಳಿ ಸೋಕಿದ್ದೆಂದು ತಿಳಿದು ತಡಮಾಡಬಾರದು.

ಮೆಡಿಕಲ್ ಅಂಗಡಿಯ ವಿಚಾರದಲ್ಲಿ ಸದಸ್ಯರು ನಿಷ್ಠುರವಾಗಿರುವುದು ಲೇಸು. ಮಿಥೈಲ್‌ಫೆನಿಡೇಟ್ ಔಷಧ ನಿಯಮಗಳ ಎಕ್ಸ್ ಶೆಡ್ಯೂಲಿಗೆ ಸೇರಿದೆ. ವೈದ್ಯರ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಮಗು ರಾತ್ರಿ ಮಲಗಲೆಂದು ನಿದ್ರೆ ತರಿಸುವ ನೆಗಡಿ ಸಿರಪ್ಪನ್ನು ಚೀಟಿಯಿಲ್ಲದೆ ಕೊಡುವ ರೂಢಿ ಇನ್ನೂ ಅಪಾಯಕರ. ಅಂಥ ಸಿರಪ್ಪುಗಳಲ್ಲೊಂದಾದ ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು.

ಇದಕ್ಕೆ ಎದುರಾದ ತಪ್ಪೂ ಅಷ್ಟೇ ದೊಡ್ಡದು. ಗುಳೆ ಹೋಗುವ ಕುಟುಂಬದಲ್ಲಿ ಮಾತ್ರೆ ಮುಗಿದ ದಿನವೇ ಚಿಕಿತ್ಸೆಯೂ ಮುಗಿಯುತ್ತದೆ. ಮೂರ್ಛೆರೋಗದ ಔಷಧಿಯನ್ನು ಹಠಾತ್ತಾಗಿ ನಿಲ್ಲಿಸಿದರೆ ಬಿಡದೆ ಬರುವ ಮೂರ್ಛೆ ಪ್ರಾಣವನ್ನೇ ತೆಗೆಯಬಹುದು. ಉಳಿದ ಮನೋವೈದ್ಯಕೀಯ ಔಷಧಿಗಳನ್ನೂ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಕಬ್ಬು ಕಡಿಯಲು ಅಥವಾ ಕಟ್ಟಡ ಕೆಲಸಕ್ಕೆ ಹೊರಡುವ ಮುನ್ನ ಅಂಥ ಮನೆಗೆ ಆಶಾ ಕಾರ್ಯಕರ್ತೆ ಹೋಗಿ, ಮಾತ್ರೆ ಎಷ್ಟು ದಿನಕ್ಕಿದೆ, ಚೀಟಿ ಜೊತೆಯಲ್ಲಿದೆಯೇ ಎಂದು ನೋಡಿದರೆ ಸಾಕು. ಇದಕ್ಕೆ ಹೊಸ ಅನುದಾನವೇನೂ ಬೇಡ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ಬಂದ ದಿನ ಮಗು ಗೈರಾಗದಂತೆ, ತಂಡವು ಮುಂದಿನ ಆಸ್ಪತ್ರೆಗೆ ಬರೆದ ಮಗು ಅಲ್ಲಿಗೆ ತಲುಪುವಂತೆ ನೋಡಿಕೊಳ್ಳುವುದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ಸಾಧ್ಯ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಸೇವೆಗೆ ವ್ಯವಸ್ಥೆಯಿದೆ. ಹೊರಡುವ ಮುನ್ನ ಆ ವಾರ ವೈದ್ಯರು ಬರುವರೇ ಎಂದು ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಬೌದ್ಧಿಕ ಅಂಗವೈಕಲ್ಯ, ಆಟಿಸಂ ಮತ್ತು ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿರುವುದರಿಂದ, ಗುರುತಿನ ಚೀಟಿಯ ಅರ್ಜಿಗೆ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು. ಆದರೆ ಯಾವ ಮಗು ಯಾವ ಮಾತ್ರೆ ನುಂಗುತ್ತಿದೆ ಎಂಬುದು ಗ್ರಾಮಸಭೆಯ ಚರ್ಚೆಗೆ ಬರಕೂಡದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಆ ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆ. ತುರ್ತು ಸಲಹೆಗೆ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿ, ಅಂಗನವಾಡಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ ಬರೆಸತಕ್ಕದ್ದು.