ಎಚ್‌ಐವಿ ಪ್ರಕರಣ ಹೆಚ್ಚಿರುವ ಊರೇ ಹೆಚ್ಚು ಅಪಾಯದ ಊರೇ?

2024ರ ಜುಲೈನಲ್ಲಿ ಒಂದು ಸುದ್ದಿ ವೈರಲ್ ಆಗಿತ್ತು: ತ್ರಿಪುರಾದಲ್ಲಿ 828 ವಿದ್ಯಾರ್ಥಿಗಳಿಗೆ ಎಚ್‌ಐವಿ, 47 ಮಂದಿ ಸಾವು. ಓದಿದವರಿಗೆ ಇದೆಲ್ಲ ಈಗಷ್ಟೇ ನಡೆದದ್ದು ಅನ್ನಿಸುವಂತಿತ್ತು. ಬಳಿಕ ರಾಜ್ಯ ಸರ್ಕಾರ ಸ್ಪಷ್ಟನೆ ಕೊಟ್ಟಿತು. ಅದು 2007ರ ಏಪ್ರಿಲ್‌ನಿಂದ 2024ರ ಮೇವರೆಗಿನ ಒಟ್ಟು ಲೆಕ್ಕ. ಸಂಖ್ಯೆ ಸುಳ್ಳಲ್ಲ, ಹದಿನೇಳು ವರ್ಷ ಎಂಬ ಮಾತು ಮಾತ್ರ ಫಾರ್ವರ್ಡ್‌ನಲ್ಲಿ ಬಿಟ್ಟುಹೋಗಿತ್ತು.

ಇಂಥ ಸಂದೇಶಗಳನ್ನು ಓದುವಾಗ ಇನ್ನೊಂದು ವಿಷಯ ಗಮನಿಸಬೇಕು. ಆಸ್ಪತ್ರೆಯ ಪಟ್ಟಿಯಲ್ಲಿರುವವರು ಪರೀಕ್ಷೆ ಮಾಡಿಸಿಕೊಂಡವರು. ಮಾಡಿಸಿಕೊಳ್ಳದವರು ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಹೆಚ್ಚು ಪ್ರಕರಣ ದಾಖಲಾದ ಊರಿನಲ್ಲಿ ಸೋಂಕು ಹೆಚ್ಚಿರಬಹುದು, ಇಲ್ಲವೇ ಅಲ್ಲಿ ಪರೀಕ್ಷೆ ಚೆನ್ನಾಗಿ ನಡೆಯುತ್ತಿರಬಹುದು. ಸಂಖ್ಯೆಯೊಂದನ್ನೇ ನೋಡಿ ಯಾವುದೆಂದು ಹೇಳಲಾಗದು.

ಪರೀಕ್ಷೆಯೇ ಆಗದವರನ್ನು ಎಣಿಸುವುದು ಹೇಗೆ?

ನೇರವಾಗಿ ಎಣಿಸುವುದಿಲ್ಲ, ಅಂದಾಜು ಮಾಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಆಯ್ದ ಆಸ್ಪತ್ರೆಗಳಿಗೆ ಬರುವ ಗರ್ಭಿಣಿಯರಲ್ಲಿ ಮತ್ತು ಅಪಾಯ ಹೆಚ್ಚಿರುವ ಗುಂಪುಗಳಲ್ಲಿ ಸಮೀಕ್ಷೆ ನಡೆಸುತ್ತದೆ. ಆ ಮಾಹಿತಿಯನ್ನು ಗಣಿತದ ಮಾದರಿಗೆ ಹಾಕಿ ಒಟ್ಟು ಸಂಖ್ಯೆ ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾರೆ. 2023ರ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ತಮಗೆ ಸೋಂಕಿದೆ ಎಂದೇ ಗೊತ್ತಿಲ್ಲ.

ರಾಜ್ಯಗಳ ನಡುವೆ ವ್ಯತ್ಯಾಸ ದೊಡ್ಡದು. ವಯಸ್ಕರಲ್ಲಿ ಸೋಂಕಿನ ಪ್ರಮಾಣ ದೇಶದ ಸರಾಸರಿ ಶೇ. 0.2 ಇದ್ದರೆ ಮಿಜೋರಾಂನಲ್ಲಿ ಶೇ. 2.7. ತಲೆಯೆಣಿಕೆಯಲ್ಲಿ ಮಾತ್ರ ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕ ಮುಂದಿವೆ. ಇಲ್ಲಿ ಜನಸಂಖ್ಯೆಯೇ ಹೆಚ್ಚು, ಜೊತೆಗೆ ಸೋಂಕಿನ ಪ್ರಮಾಣವೂ ದೇಶದ ಸರಾಸರಿಗಿಂತ ಮೇಲಿದೆ. ಈಶಾನ್ಯದಲ್ಲಿ ಸೂಜಿ ಹಂಚಿಕೊಂಡು ಮಾದಕವಸ್ತು ಚುಚ್ಚಿಕೊಳ್ಳುವುದು ದೊಡ್ಡ ಕಾರಣವಾದರೆ ದಕ್ಷಿಣದಲ್ಲಿ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ.

ಸೋಂಕು ಹೆಚ್ಚಿದ್ದಲ್ಲಿ ಗೊತ್ತಿಲ್ಲದವರೂ ಹೆಚ್ಚಿರುತ್ತಾರೆ ಎಂದೇನಿಲ್ಲ. ಜಗತ್ತಿನಲ್ಲೇ ಹೆಚ್ಚು ಎಚ್‌ಐವಿ ಇರುವುದು ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಲ್ಲಿ. ವಿಶ್ವಸಂಸ್ಥೆಯ ಏಡ್ಸ್ ವಿಭಾಗದ 2023ರ ಅಂದಾಜಿನಂತೆ ಅಲ್ಲಿ ಸೋಂಕಿರುವವರಲ್ಲಿ ಶೇ. 93 ಮಂದಿಗೆ ಅದು ಗೊತ್ತಿದೆ. ಸೋಂಕು ಅದಕ್ಕಿಂತ ಕಡಿಮೆ ಇರುವ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಗೊತ್ತಿರುವವರು ಶೇ. 81 ಮಾತ್ರ.

ಮೊದಲು ಗೊತ್ತಾಗುವುದು ಹೆಂಡತಿಗೆ

ಜಗತ್ತಿನಾದ್ಯಂತ ತಮ್ಮ ಸೋಂಕಿನ ಬಗ್ಗೆ ಗೊತ್ತಿರುವವರು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಗರ್ಭಿಣಿಯಾದಾಗ ತಾಯಿ ಕಾರ್ಡಿನ ಜೊತೆಗೇ ರಕ್ತಪರೀಕ್ಷೆ ನಡೆಯುವುದು ಇದಕ್ಕೆ ಮುಖ್ಯ ಕಾರಣ. ಗಂಡಸರಿಗೆ ಅಂಥ ಸಂದರ್ಭವೇ ಬರುವುದಿಲ್ಲ. ಎಷ್ಟೋ ಜನರಿಗೆ ಕ್ಷಯ ಬಂದು ಆಸ್ಪತ್ರೆ ಸೇರಿದ ಮೇಲೆಯೇ ವಿಷಯ ತಿಳಿಯುತ್ತದೆ.

ಇದರ ಪೆಟ್ಟು ಮನೆಯೊಳಗೆ ಬೀಳುತ್ತದೆ. ಸೊಸೆಯ ವರದಿ ಮೊದಲು ಬಂತು, ಹಾಗಾಗಿ ರೋಗ ತಂದವಳು ಅವಳೇ ಎಂದು ತೀರ್ಮಾನಿಸಿಬಿಡುತ್ತಾರೆ. ಇದಕ್ಕೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ. ಯಾರ ಪರೀಕ್ಷೆ ಮೊದಲು ನಡೆಯಿತು ಎಂಬುದನ್ನಷ್ಟೇ ವರದಿ ಹೇಳುತ್ತದೆ, ಯಾರಿಗೆ ಮೊದಲು ಸೋಂಕು ತಗುಲಿತು ಎಂಬುದನ್ನಲ್ಲ. ಎಚ್‌ಐವಿ ಇದ್ದೂ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದೆ ಇರಬಹುದು, ಹಾಗಾಗಿ ಗಂಡ ಗಟ್ಟಿಮುಟ್ಟಾಗಿದ್ದಾನೆ ಎಂಬುದೂ ಸಾಕ್ಷಿಯಾಗದು.

ಬೇಗ ಗೊತ್ತಾದರೆ ಲಾಭ ದೊಡ್ಡದು. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಉಚಿತ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಗರ್ಭಿಣಿ ಬೇಗ ಚಿಕಿತ್ಸೆ ಶುರುಮಾಡಿದರೆ ಮಗುವಿಗೆ ತಗುಲುವ ಸಾಧ್ಯತೆಯೂ ತೀರಾ ಕಡಿಮೆಯಾಗುತ್ತದೆ.

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಫಲಿತಾಂಶ ಬಹಿರಂಗಪಡಿಸುವುದನ್ನೂ 2017ರ ಎಚ್‌ಐವಿ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ಅನುಮಾನವಿದ್ದರೆ 1097ಕ್ಕೆ ಕರೆ ಮಾಡಿ, ಶುಲ್ಕವಿಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದೆ ಇರಬಹುದು. ಆದ್ದರಿಂದ ಈಚೆಗೆ ಅಪಾಯವಾಗಿರಬಹುದು ಎನ್ನಿಸಿದರೆ, ಮೊದಲ ವರದಿ ನೆಗೆಟಿವ್ ಬಂದರೂ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿಕೊಳ್ಳಿ.