ಕಡಲಿಗೂ ನಕ್ಷೆಯುಂಟೆ?

ನಾವು ವಾಸಿಸುವ ಮೈಸೂರಿನ ಗೋಕುಲಂನಂತಹ ಬಡಾವಣೆಯ ನಕ್ಷೆಯನ್ನು ಕಂಡವರಿಗೆ ನಗರಯೋಜನೆಯ ಪ್ರಯೋಜನವನ್ನು ಹೇಳಬೇಕಾಗಿಲ್ಲ. ಮನೆಗಿಷ್ಟು ಸ್ಥಳ, ರಸ್ತೆಗಿಷ್ಟು, ಉದ್ಯಾನಕ್ಕಿಷ್ಟು ಎಂದು ಮೊದಲೇ ಗೊತ್ತುಮಾಡುವುದರಿಂದ ಒಬ್ಬರ ಅಂಗಳದಲ್ಲಿ ಮತ್ತೊಬ್ಬರ ಗಾಡಿ ಓಡುವುದಿಲ್ಲ. ಕಡಲಿಗೂ ಇಂತಹ ನಕ್ಷೆ ಬೇಕೆ? ಬೇಕಾದಲ್ಲಿ ಅದನ್ನು ಒಂದೇ ದೇಶವು ಬರೆದುಕೊಂಡರೆ ಸಾಲದೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಕರ್ನಾಟಕದ ಕರಾವಳಿಯ ಉದ್ದ ಸುಮಾರು 320 ಕಿಲೋಮೀಟರು. ಅದರ ಎದುರಿನ ನೀರು ದಡದಲ್ಲಿ ನಿಂತವರಿಗೆ ಬರಿದಾಗಿ ತೋರಬಹುದು. ಆದರೆ ಮಲ್ಪೆ, ಮಂಗಳೂರುಗಳ ಮೀನುಗಾರರು ಬಂಗುಡೆ, ಬೂತಾಯಿಗಳನ್ನು ಅರಸಿ ಹೋಗುವುದು ಅಲ್ಲಿಗೇ. ನವಮಂಗಳೂರು ಬಂದರಿಗೆ ಕಚ್ಚಾ ಎಣ್ಣೆಯ ಹಡಗುಗಳು ಬರುವುದೂ ಆ ನೀರಿನ ಮೇಲೆಯೇ. ಕಾರವಾರದಲ್ಲಿ ನೌಕಾಪಡೆಯ ನೆಲೆಯಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಮೇಲಾಗಿ, ಕಡಲಿಗೆ ಉದ್ದಗಲಗಳಷ್ಟೇ ಅಲ್ಲದೆ ಆಳವೂ ಉಂಟು. ಒಂದೇ ಸ್ಥಳದಲ್ಲಿ ಮೇಲೆ ಹಡಗು, ನಡುವೆ ಮೀನು, ತಳದಲ್ಲಿ ದೂರಸಂಪರ್ಕದ ತಂತಿ ಇರಬಹುದು. ಕಾಲವನ್ನೂ ಗಣಿಸಬೇಕು: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಯಾವ ಕಾರ್ಯವನ್ನು ಎಲ್ಲಿ, ಎಷ್ಟು ಆಳದಲ್ಲಿ, ಯಾವ ಋತುವಿನಲ್ಲಿ ನಡೆಸಬಹುದೆಂದು ಸಂಬಂಧಪಟ್ಟವರೆಲ್ಲರೂ ಕೂಡಿ ನಿಶ್ಚಯಿಸುವುದೇ ಸಾಗರ ಕ್ಷೇತ್ರ ಯೋಜನೆ.

ಇನ್ನು ಎರಡನೆಯ ಪ್ರಶ್ನೆ. 1982ರ ವಿಶ್ವಸಂಸ್ಥೆಯ ಸಾಗರ ಕಾನೂನಿನ ಒಡಂಬಡಿಕೆಯಂತೆ, ದಡದಿಂದ 12 ನಾಟಿಕಲ್ ಮೈಲಿಗಳವರೆಗೆ, ಅಂದರೆ ಸುಮಾರು 22 ಕಿಲೋಮೀಟರಿನವರೆಗೆ, ಕಡಲು ಆಯಾ ದೇಶದ್ದು. 200 ನಾಟಿಕಲ್ ಮೈಲಿಗಳವರೆಗೆ, ಎಂದರೆ ಸುಮಾರು 370 ಕಿಲೋಮೀಟರಿನವರೆಗೆ, ಅಲ್ಲಿನ ಮೀನು, ಖನಿಜಗಳ ಮೇಲೆ ಆ ದೇಶಕ್ಕೆ ಹಕ್ಕುಂಟು. ಆದರೂ ಹಾನಿಮಾಡದೆ ಸಾಗುವ ಅನ್ಯದೇಶದ ಹಡಗನ್ನು ತಡೆಯುವಂತಿಲ್ಲ. ಹರಿಯುವ ನೀರನ್ನಂತೂ ಯಾರೂ ತಡೆಯಲಾರರು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಪ್ರವಾಹವೊಂದರ ವೇಗ ಸೆಕೆಂಡಿಗೆ ಕಾಲು ಮೀಟರು ಮಾತ್ರವೆಂದು ಇಟ್ಟುಕೊಳ್ಳೋಣ. ಇದು ಮಗುವಿನ ನಡಿಗೆಗಿಂತಲೂ ನಿಧಾನ. ದಿನವೊಂದಕ್ಕೆ 86,400 ಸೆಕೆಂಡುಗಳು. ಆದ್ದರಿಂದ ಆ ನೀರು ದಿನಕ್ಕೆ 21.6 ಕಿಲೋಮೀಟರು, ಹತ್ತು ದಿನಗಳಲ್ಲಿ 216 ಕಿಲೋಮೀಟರು ಸಾಗುವುದು. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹವು ಮುಂಗಾರಿನಲ್ಲಿ ದಕ್ಷಿಣಾಭಿಮುಖವಾಗಿ ಹರಿದರೆ, ಚಳಿಗಾಲದಲ್ಲಿ ಉತ್ತರಾಭಿಮುಖವಾಗಿ ಹರಿಯುತ್ತದೆ.

2025ರ ಮೇ 25ರಂದು ಲೈಬೀರಿಯಾ ದೇಶದ ಧ್ವಜ ಹೊತ್ತ ‘ಎಂ.ಎಸ್.ಸಿ. ಎಲ್ಸಾ 3’ ಎಂಬ ಸರಕು ಹಡಗು ಕೇರಳದ ಕಡಲಿನಲ್ಲಿ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ಕಿನ ಕಾಳುಗಳು ಕೇರಳದ ದಕ್ಷಿಣ ತೀರವನ್ನಲ್ಲದೆ ತಮಿಳುನಾಡಿನ ಕನ್ಯಾಕುಮಾರಿಯ ತೀರವನ್ನೂ ಮುಟ್ಟಿದವು. ಅದೇ ಅವಘಡ ಡಿಸೆಂಬರಿನಲ್ಲಿ ನಡೆದಿದ್ದರೆ ಪ್ರವಾಹದ ಮುಖ ಕಾಸರಗೋಡು, ಮಂಗಳೂರುಗಳ ಕಡೆಗಿರುತ್ತಿತ್ತು. ಹಡಗು ಒಂದು ದೇಶದ್ದು, ಸರಕು ಹಲವು ದೇಶಗಳದ್ದು. ಬಲೆ ಒಣಗಿಸಿ ಕೂರಬೇಕಾದವರು ಮಾತ್ರ ತೀರದ ಮೀನುಗಾರರು. ಒಂದೇ ದೇಶದ ನಕ್ಷೆ ಏಕೆ ಸಾಲದೆಂಬುದು ಇದರಿಂದ ವಿಶದವಾಗುವುದು.

ಈ ಬಗೆಯ ಯೋಜನೆ ತೀರ ಹೊಸದೇನೂ ಅಲ್ಲ. ಆಸ್ಟ್ರೇಲಿಯವು 1975ರಲ್ಲಿಯೇ ತನ್ನ ಮಹಾ ಹವಳದ ದಿಬ್ಬಕ್ಕೆ ಶಾಸನವೊಂದನ್ನು ಮಾಡಿ, ಅಲ್ಲಿನ ಕಡಲನ್ನು ವಲಯಗಳಾಗಿ ವಿಂಗಡಿಸಿತು. ನಾರ್ವೆ ದೇಶವು 2006ರಲ್ಲಿ ಬ್ಯಾರೆಂಟ್ಸ್ ಸಮುದ್ರದ ಮೀನುಗಾರಿಕೆ, ಎಣ್ಣೆ, ಹಡಗು ಸಂಚಾರಗಳನ್ನು ಒಂದೇ ಯೋಜನೆಯೊಳಗೆ ತಂದಿತು. 2017ರಲ್ಲಿ ಯುನೆಸ್ಕೋದ ಸಾಗರವಿಜ್ಞಾನ ಆಯೋಗವೂ ಯೂರೋಪಿಯನ್ ಆಯೋಗವೂ ಕೂಡಿ, ಇತರ ದೇಶಗಳಲ್ಲಿಯೂ ಈ ಕಾರ್ಯವನ್ನು ತ್ವರೆಗೊಳಿಸಲು ಮಾರ್ಗಸೂಚಿಯೊಂದನ್ನು ರಚಿಸಿದವು. ಭಾರತವು 2019ರಲ್ಲಿ ನಾರ್ವೆಯೊಡನೆ ಸಾಗರ ವಿಷಯಗಳ ಬಗ್ಗೆ ಒಪ್ಪಂದ ಮಾಡಿಕೊಂಡಿತು. ಅದರ ಫಲವಾಗಿ ಪುದುಚೇರಿ ಮತ್ತು ಲಕ್ಷದ್ವೀಪಗಳನ್ನು ಪ್ರಾಯೋಗಿಕ ಕ್ಷೇತ್ರಗಳನ್ನಾಗಿ ಆರಿಸಲಾಯಿತು.

ಲಕ್ಷದ್ವೀಪವು ಕನ್ನಡಿಗರಿಗೆ ಅಪರಿಚಿತವಲ್ಲ. ಅಮಿನಿ, ಕಡಮತ್ ಮೊದಲಾದ ಅದರ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದರ ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್ ದ್ವೀಪದ ಜನರು ಗಾಳದಿಂದ ಟ್ಯೂನಾ ಮೀನು ಹಿಡಿಯುತ್ತಾರೆ. ನೆರೆಯ ಮಾಲ್ಡೀವ್ಸಿನವರೂ ಹಿಡಿಯುವುದು ಅದನ್ನೇ. ಎರಡು ದೇಶಗಳ ಕಡಲಗಡಿ 1976ರಲ್ಲಿಯೇ ಒಪ್ಪಂದದಿಂದ ನಿಶ್ಚಯವಾಯಿತು. ಗಡಿಯ ವಿಷಯದಲ್ಲಿ ಜಗಳವಿಲ್ಲ. ಆದರೆ ಮೀನು ಗಡಿಯನ್ನು ಅರಿಯದು. ಒಂದು ಕಡೆ ಮಿತಿಮೀರಿ ಹಿಡಿದರೆ ಮತ್ತೊಂದು ಕಡೆಯ ಗಾಳ ಬರಿದಾಗುವುದು.

ಆದ್ದರಿಂದ ಸಹಕಾರವೆಂದರೆ ಸಭೆ ಸೇರಿ ಸಹಿ ಹಾಕುವುದಷ್ಟೇ ಅಲ್ಲ. ಆಳ, ಉಷ್ಣತೆ, ಪ್ರವಾಹಗಳ ಅಳತೆಗಳನ್ನು ನೆರೆಹೊರೆಯವರು ಪರಸ್ಪರ ತಿಳಿಸಬೇಕು; ಅವಘಡವಾದೊಡನೆ ಎಚ್ಚರಿಕೆ ಕೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಕ್ಷೆ ಬರೆಯುವ ಮೇಜಿನ ಬಳಿ ಬಂದರು, ಎಣ್ಣೆಗಳ ಪ್ರತಿನಿಧಿಗಳೊಡನೆ ಸಣ್ಣ ದೋಣಿಯವರಿಗೂ ಆಸನವಿರಬೇಕು. ಇಲ್ಲವಾದರೆ ರಕ್ಷಣೆಗೆಂದು ಎಳೆದ ಗೆರೆಯೇ ಅವರ ಪಾಲಿಗೆ ಬೇಲಿಯಾಗುವುದು. ಈ ಕಾರ್ಯಕ್ಕೆ ಭೌತವಿಜ್ಞಾನ, ಜೀವವಿಜ್ಞಾನ, ನ್ಯಾಯಶಾಸ್ತ್ರಗಳನ್ನು ಬಲ್ಲ ಯುವಕ ಯುವತಿಯರು ಬೇಕು. ಕಡಲಿನಿಂದ ದೂರವಿರುವ ಊರಿನ ವಿದ್ಯಾರ್ಥಿಗಳೂ ಅವರಲ್ಲಿ ಸೇರಬಹುದು.